ಎಂ6 ಬೋಲ್ಟ್ ಎರಡು ಸುತ್ತು ಹೋಗಿ ನಿಂತರೆ: ಕ್ಯಾಮೆರಾ ಬ್ರಾಕೆಟ್‌ಗೆ ಸರಿಯಾದ ಸ್ಕ್ರೂ ಯಾವುದು?

ಓದುಗರ ಪ್ರಶ್ನೆ: ಕ್ಯಾಮೆರಾದ ಒಂದು ಪಕ್ಕ ಹಿಡಿ, ಇನ್ನೊಂದು ಪಕ್ಕ ಸಣ್ಣ ಎಲ್‌ಇಡಿ ಲೈಟ್ ಕೂರಿಸಬೇಕೆಂದು 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಕೊಂಡೆ. ಕ್ಯಾಮೆರಾ ತಳದ ತೂತಿನ ಒಳ ಅಳತೆ ವರ್ನಿಯರ್‌ನಲ್ಲಿ 5.1 ಮಿ.ಮೀ. ಬಂತು. ಮನೆಯಲ್ಲಿದ್ದ ಎಂ6 ನಟ್ಟಿನದೂ ಸುಮಾರು ಅಷ್ಟೇ ಇತ್ತು. ಸರಿ, ಎಂ6 ಅಂದುಕೊಂಡು ಅಲೆನ್ ಬೋಲ್ಟ್ ಹಾಕಿದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಾಯಿತು. ಅಲೆನ್ ಕೀ ಹಾಕಿ ಇನ್ನರ್ಧ ಸುತ್ತು ತಿರುಗಿಸಿ ಬಿಟ್ಟೆ. ಈಗ ಟ್ರೈಪಾಡಿನ ಸ್ವಂತ ಸ್ಕ್ರೂ ಹಾಕಿದರೂ ಶುರುವಿನಲ್ಲಿ ಕರಕರ ಅನ್ನುತ್ತಿದೆ. ಒಬ್ಬ ಸ್ನೇಹಿತ ಟೆಫ್ಲಾನ್ ಟೇಪ್ ಸುತ್ತಿ ಹಾಕು ಎನ್ನುತ್ತಾನೆ, ಇನ್ನೊಬ್ಬ ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ ಗಟ್ಟಿ ಉಕ್ಕಿನ) ಬೋಲ್ಟನ್ನೇ ಉದ್ದವಾಗಿ ಹಾಕಿದರೆ ಹಿಡಿತ ಬರುತ್ತದೆ ಎನ್ನುತ್ತಾನೆ. ಕ್ಯಾಮೆರಾ ಹಾಳಾಯಿತೇ? ಯಾವ ಸ್ಕ್ರೂ ಕೇಳಿ ತರಬೇಕು, ಎಷ್ಟು ಉದ್ದ? ಬ್ರಾಕೆಟ್‌ಗೇ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊಯ್ಯುವ ಉಪಕರಣ) ಹಾಕಿಬಿಡಬಹುದೇ? ಹಾಗೆಯೇ 52 ಮಿ.ಮೀ. ಲೆನ್ಸ್ ಮುಂಭಾಗಕ್ಕೆ ತಿರುಗಿಸುವ ಒಂದು ರಿಂಗ್ ಮಾಡುವ ಆಸೆಯೂ ಇದೆ.

ಉತ್ತರ:

ಮೊದಲು ಆ ಎಂ6 ಬೋಲ್ಟನ್ನು ಕ್ಯಾಮೆರಾ ಚೀಲದಿಂದ ಆಚೆಗಿಡಿ. ಅವಸರದಲ್ಲಿ ಕೈಗೆ ಸಿಕ್ಕಿದರೆ ಮತ್ತೆ ಅದೇ ತೂತಿಗೆ ಹೋಗುತ್ತದೆ.

ಕ್ಯಾಮೆರಾ ಬಹುಶಃ ಕೆಟ್ಟಿಲ್ಲ. ಕೈಯಲ್ಲಿ ಹಿಡಿದ ಅಲೆನ್ ಕೀಯಿಂದ ಅರ್ಧ ಸುತ್ತು ಬಲವಂತ ಮಾಡಿದಾಗ ಸಾಮಾನ್ಯವಾಗಿ ಪೆಟ್ಟು ಬೀಳುವುದು ತೂತಿನ ಬಾಯಿಯ ಹತ್ತಿರದ ಒಂದೆರಡು ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ. ಅವುಗಳ ಅಂಚು ಮಡಚಿರುತ್ತದೆ, ಇಲ್ಲವೇ ಕಿತ್ತುಬಂದ ಲೋಹದ ಸಿಬಿರು ಒಳಗೆ ಕೂತಿರುತ್ತದೆ. ನೀವು ಹೇಳುವ ಕರಕರ ಇದೇ. ಕ್ಯಾಮೆರಾದ ತಳ ಕೆಳಮುಖವಾಗಿರುವಂತೆ ಹಿಡಿದು ರಬ್ಬರ್ ಬ್ಲೋವರಿನಿಂದ ಊದಿ, ಮೆತ್ತನೆಯ ಬ್ರಷ್ಷಿನಿಂದ ತೂತನ್ನು ಸ್ವಚ್ಛ ಮಾಡಿ. ಕಂಪ್ರೆಸರ್ ಗಾಳಿ ಬೇಡ, ಸಿಬಿರು ಒಳಕ್ಕೇ ಹೋಗಬಹುದು. ಆಮೇಲೆ ಟಾರ್ಚ್ ಬಿಟ್ಟು ನೋಡಿ. ಎಳೆಗಳು ಒಂದೇ ಸಮನೆ ಹೊಳೆಯುತ್ತ ಸುತ್ತಿಕೊಂಡು ಇಳಿದಿದ್ದರೆ ಒಳ್ಳೆಯದು. ಒಂದು ಕಡೆ ಮಾತ್ರ ಚಪ್ಪಟೆ ಗೆರೆಯೋ ಅಡ್ಡ ಗೀರೋ ಕಂಡರೆ ಪೆಟ್ಟು ಅಲ್ಲೇ.

ಈಗ ಟ್ರೈಪಾಡ್ ಪ್ಲೇಟಿನ ಸ್ಕ್ರೂ ತೆಗೆದುಕೊಂಡು, ಪ್ಲೇಟ್ ಇಲ್ಲದೆ ಬರೀ ಸ್ಕ್ರೂವನ್ನು ಎರಡು ಬೆರಳಲ್ಲಿ ಹಿಡಿದು, ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನ ತಿರುಗಿಸಿ. ಒಂದು ಜಾಗದಲ್ಲಿ ಟಕ್ ಎಂದು ಸ್ವಲ್ಪ ಕೆಳಗಿಳಿದಂತೆ ಅನಿಸುತ್ತದೆ. ಎರಡರ ಎಳೆಯೂ ಬಾಯಿಗೆ ಬಾಯಿ ಕೂತ ಜಾಗ ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಬೆರಳ ಬಲದಲ್ಲೇ ಕೊನೆವರೆಗೂ ಹೋಗಿ, ಹಾಗೆಯೇ ಹೊರಬಂದರೆ ಯೋಚನೆ ಬೇಡ. ಮೊದಲ ಸುತ್ತಿನ ಕರಕರ ನಾಲ್ಕೈದು ಸಲ ಹಾಕಿ ತೆಗೆಯುವಷ್ಟರಲ್ಲಿ ಕಡಿಮೆಯಾಗಬಹುದು. ಬೆರಳಿಗೆ ಬಗ್ಗದಿದ್ದರೆ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ. ಕ್ಯಾಮೆರಾದ ತೂತು ಎಂ6 ಅಲ್ಲ, ಕಾಲಿಂಚಿನದು; ಆ ಅಳತೆಯ ಟ್ಯಾಪ್ ಹಾಕಿ ಎಳೆಗಳನ್ನು ಬಿಡಿಸಬಹುದು ನಿಜ, ನಾವೂ ಮಾಡುತ್ತೇವೆ. ಟ್ಯಾಪಿನ ಉದ್ದುದ್ದ ತೋಡುಗಳಿಗೆ ಗ್ರೀಸ್ ತುಂಬಿ, ಸಿಬಿರು ಅದಕ್ಕೇ ಅಂಟುವಂತೆ ನೋಡಿಕೊಂಡು, ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆದರೆ ಟ್ಯಾಪ್ ಓರೆಯಾಗಿ ಹೊಕ್ಕರೆ ಇದ್ದ ಎಳೆಯನ್ನೂ ಕತ್ತರಿಸುತ್ತದೆ. ಹಾಗಾಗಿ ಟ್ಯಾಪ್ ಹಿಡಿದ ಅಭ್ಯಾಸ ಇಲ್ಲದವರು ಅದನ್ನು ಮೊದಲ ಬಾರಿ ಕ್ಯಾಮೆರಾ ಮೇಲೆ ಹಿಡಿಯುವುದು ಬೇಡ. ಎಳೆ ಪೂರ್ತಿ ಹೋಗಿದ್ದರೂ ದಾರಿ ಇದೆ. ಅನೇಕ ಕ್ಯಾಮೆರಾಗಳಲ್ಲಿ ತಳದ ಸಾಕೆಟ್, ಅಂದರೆ ಸ್ಕ್ರೂ ಹೋಗುವ ಎಳೆಯ ತೂತಿರುವ ಭಾಗ, ಬೇರೆಯೇ ಬಿಡಿಭಾಗ, ತಳದ ಕವರ್ ಬಿಚ್ಚಿ ಬದಲಾಯಿಸಬಹುದು. ಅದಾಗುವವರೆಗೆ ಕ್ಯಾಮೆರಾವನ್ನು ಆ ಸ್ಕ್ರೂ ನಂಬಿ ಎಲ್ಲಿಗೂ ತೂಗುಹಾಕಬೇಡಿ.

ಇನ್ನು ನಿಮ್ಮ ವರ್ನಿಯರ್ ಸುಳ್ಳು ಹೇಳಿದ್ದು ಹೇಗೆ ಎಂಬ ಮಾತು. ಅದು ಸುಳ್ಳು ಹೇಳಿಲ್ಲ, ನೀವು ಕೇಳಿದ ಪ್ರಶ್ನೆ ಅರ್ಧದ್ದು. ಕ್ಯಾಮೆರಾ ತಳದಲ್ಲಿರುವುದು ಕಾಲಿಂಚು, ಇಂಚಿಗೆ 20 ಎಳೆ. ಇದರ ಪೂರ್ತಿ ಹೆಸರು 1/4-20 ಯುಎನ್‌ಸಿ (ಇಂಚಿನ ಅಳತೆಯ ಒರಟು ಎಳೆ). ಸ್ಕ್ರೂವಿನ ಹೊರ ವ್ಯಾಸ 6.35 ಮಿ.ಮೀ., ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ಅಂತರ, ಅಂದರೆ ಪಿಚ್, 1.27 ಮಿ.ಮೀ. ಎಂ6ರ ಹೊರ ವ್ಯಾಸ 6, ಪಿಚ್ 1 ಮಿ.ಮೀ. ಹೊರಗಿನಿಂದ ಅಳೆದರೆ ವ್ಯತ್ಯಾಸ ಕಾಣುತ್ತದೆ. ತೂತಿನ ಒಳಗೆ ಅಳೆದಾಗ ಮಾತ್ರ ನಮಗೆ ಸಿಗುವುದು ಎಳೆಗಳ ತುದಿಯಿಂದ ತುದಿಗಿರುವ ಅಂತರ. ಕಾಲಿಂಚಿನ ಎಳೆಯ ಎತ್ತರ ಹೆಚ್ಚು, ಎಂ6ರ ಎಳೆಯದು ಕಡಿಮೆ. ಹೊರಗಿನ ವ್ಯಾಸ ಬೇರೆಯಾದರೂ ಒಳಗಿನ ಅಳತೆ ಎರಡಕ್ಕೂ 5 ಮಿ.ಮೀ. ಆಸುಪಾಸಿಗೇ ಬರುತ್ತದೆ. ಒಳ ಅಳತೆ ನೋಡಿ ಥ್ರೆಡ್ ನಿರ್ಧರಿಸಿದವರೆಲ್ಲ ಇಲ್ಲೇ ಎಡವುತ್ತಾರೆ.

ಹಾಗಿದ್ದರೆ ಎಂ6 ಎರಡು ಸುತ್ತು ಹೋದದ್ದಾದರೂ ಹೇಗೆ? ಅದು ಸಣಕಲು. ಎಳೆಗಳ ನಡುವೆ ಸಡಿಲ ಇರುವುದರಿಂದ ಶುರುವಿನಲ್ಲಿ ಜಾಗ ಮಾಡಿಕೊಂಡು ನುಸುಳುತ್ತದೆ. ಆದರೆ ಪ್ರತಿ ಸುತ್ತಿಗೂ ತೂತು 1.27 ಮಿ.ಮೀ. ಮುಂದೆ ಹೋಗು ಎನ್ನುತ್ತದೆ, ಬೋಲ್ಟ್ 1 ಮಿ.ಮೀ. ಮಾತ್ರ ಹೋಗುತ್ತೇನೆ ಎನ್ನುತ್ತದೆ. ಎರಡು ಸುತ್ತಿಗೆ ಅರ್ಧ ಮಿಲಿಮೀಟರಿಗೂ ಹೆಚ್ಚು ಬಾಕಿ ಉಳಿಯಿತು. ಎಳೆಗೆ ಎಳೆ ತಾಕಿ ಸಿಕ್ಕಿಹಾಕಿಕೊಂಡಾಗ ನಿಮಗೆ ಬಿಗಿಯಾದಂತೆ ಅನಿಸಿತು. ಅದು ಹಿಡಿತ ಅಲ್ಲ. ಒಂದೆರಡು ಎಳೆಗಳ ಅಂಚು ಮಾತ್ರ ತಾಗಿ ನಿಂತ ಸ್ಥಿತಿ, ಕ್ಯಾಮೆರಾ ಸ್ವಲ್ಪ ಅಲುಗಿದರೆ ಕಳಚಬಹುದು. ಎಂ6 ಹಾಕಿಯೇ ವರ್ಷಗಟ್ಟಲೆ ಓಡಿಸಿದ್ದೇನೆ ಎನ್ನುವವರು ಸಿಗುತ್ತಾರೆ. ಅವರ ಕ್ಯಾಮೆರಾದ ಸಾಕೆಟ್‌ಗೆ ಟಾರ್ಚ್ ಬಿಟ್ಟು ನೋಡಿದರೆ ಬಾಯಿಯ ಎಳೆಗಳು ಮೊಂಡಾಗಿರುವುದು ಕಾಣುತ್ತದೆ.

ಟೆಫ್ಲಾನ್ ಟೇಪ್ ಸಲಹೆಯನ್ನು ಮರೆತುಬಿಡಿ. ಅದು ಪೈಪಿನಲ್ಲಿ ನೀರು ಸೋರದಂತೆ ಸುತ್ತುವ ವಸ್ತು, ಮೇಲಾಗಿ ಜಾರುವ ವಸ್ತು. ಪಿಚ್ ತಪ್ಪಿದ್ದನ್ನು ಅದು ಸರಿ ಮಾಡದು. ತಪ್ಪು ಸ್ಕ್ರೂ ಹೊಕ್ಕಾಗ ಬೆರಳಿಗೆ ಸಿಗಬೇಕಾದ ಸುಳಿವನ್ನೂ ಮುಚ್ಚಿಬಿಡುತ್ತದೆ.

ಹೈ ಟೆನ್ಸೈಲ್ ವಿಚಾರಕ್ಕೆ ಸ್ವಲ್ಪ ಲೆಕ್ಕ ಹಾಕೋಣ. ಸಾಧಾರಣ ಮೈಲ್ಡ್ ಸ್ಟೀಲಿನ ಕಾಲಿಂಚು ಸ್ಕ್ರೂ ಕೂಡ ನೇರ ಎಳೆತಕ್ಕೆ 400 ಕೆ.ಜಿ. ಆಸುಪಾಸು ತಡೆಯುತ್ತದೆ. ನಿಮ್ಮ ಕ್ಯಾಮೆರಾ, ಲೆನ್ಸ್, ಲೈಟ್ ಎಲ್ಲ ಸೇರಿ ಎರಡು ಮೂರು ಕೆ.ಜಿ. ಇರಬಹುದು. ಸ್ಕ್ರೂ ಮುರಿಯುವ ಭಯ ಇಲ್ಲವೇ ಇಲ್ಲ. ಬದಲಿಗೆ ಬಿಗಿಮಾಡುವ ಬಲ ನೋಡಿ. 10 ಸೆಂ.ಮೀ. ಉದ್ದದ ಅಲೆನ್ ಕೀ ತುದಿಗೆ 5 ಕೆ.ಜಿ.ಯಷ್ಟು ಒತ್ತಡ ಕೊಟ್ಟರೆ, ಅದು ಯಾರಿಗೂ ಕಷ್ಟವಲ್ಲದ ಬಲ, ಕಾಲಿಂಚು ಸ್ಕ್ರೂ ತನ್ನ ಉದ್ದಕ್ಕೆ ಸುಮಾರು 400 ಕೆ.ಜಿ. ಎಳೆತ ಹುಟ್ಟಿಸುತ್ತದೆ. ಆ ಎಳೆತವೆಲ್ಲ ಬೀಳುವುದು ಕ್ಯಾಮೆರಾ ತಳದ ನಾಲ್ಕೈದು ಮಿಲಿಮೀಟರ್ ಆಳದ ಸಾಕೆಟ್ ಮೇಲೆ, ಅದನ್ನು ಹಿಡಿದಿರುವ ತೆಳು ತಳದ ಮೇಲೆ. ಇಲ್ಲಿ ಬಡಪಾಯಿ ಸಾಕೆಟ್. ಬೋಲ್ಟ್ ಗಟ್ಟಿಯಾದಷ್ಟೂ ಪೆಟ್ಟು ಸಾಕೆಟ್‌ಗೇ.

ನಾನು ಲೇತಿನಲ್ಲಿ ಕ್ಯಾಮೆರಾ ಸಾಮಾನು ಮಾಡುವಾಗ ಪಾಲಿಸುವ ನಿಯಮ ಒಂದೇ: ಏನಾದರೂ ಕೆಡುವುದಿದ್ದರೆ ಸ್ಕ್ರೂ ಕೆಡಲಿ, ಬ್ರಾಕೆಟ್ ಕೆಡಲಿ, ಕ್ಯಾಮೆರಾ ಕೆಡಬಾರದು. ಸ್ಕ್ರೂ ಆರಿಸುವಾಗ, ಉದ್ದ ಕತ್ತರಿಸುವಾಗ, ತಲೆ ಎಷ್ಟು ದೊಡ್ಡದಿರಬೇಕೆಂದು ನೋಡುವಾಗ ಇದೊಂದನ್ನೇ ಕೇಳಿಕೊಳ್ಳಿ. ಈ ಕೆಲಸಕ್ಕೆ ಹಿತ್ತಾಳೆ ಅಥವಾ ಸಾಧಾರಣ ಸ್ಟೀಲ್ ಸಾಕು. ತುಕ್ಕಿನ ಭಯವಿದ್ದರೆ ಸ್ಟೇನ್‌ಲೆಸ್ ಹಾಕಿ, ಎಳೆಗೆ ಚೂರೇ ಚೂರು ಗ್ರೀಸ್ ಸವರಿ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಸೇರಿದರೆ ಒಣಗಿದ್ದಾಗ ಕಚ್ಚಿಕೊಳ್ಳುವ ಚಾಳಿ ಇದೆ. ಅಲೆನ್ ತಲೆಗಿಂತ ಬೆರಳಲ್ಲಿ ತಿರುಗಿಸುವ ಸಣ್ಣ ನಾಬ್, ಇಲ್ಲವೇ ಟ್ರೈಪಾಡ್ ಪ್ಲೇಟಿನಲ್ಲಿ ಬರುವ ಡಿ ಆಕಾರದ ಉಂಗುರದ ಸ್ಕ್ರೂ ವಾಸಿ. ಬೆರಳಿಗೆ ಇರುವ ಬಲದಷ್ಟೇ ಬಿಗಿಯಾಗುತ್ತದೆ, ಈ ತೂಕಕ್ಕೆ ಅಷ್ಟೇ ಬೇಕಾದದ್ದು.

ಬ್ರಾಕೆಟ್ ಸಡಿಲವಾಗಿ ತಿರುಗುತ್ತದೆ, ಅದಕ್ಕೇ ಬಿಗಿ ಮಾಡಿದೆ ಎಂದು ಹಲವರು ಹೇಳುತ್ತಾರೆ. ಒಂದೇ ಸ್ಕ್ರೂ ಮೇಲೆ ನಿಂತ ಯಾವ ಪಟ್ಟಿಯೂ ಪಕ್ಕಕ್ಕೆ ಎಳೆದರೆ ತಿರುಗುತ್ತದೆ. ಪಕ್ಕದಲ್ಲಿ ಉದ್ದನೆಯ ಹಿಡಿ ಇರುವ ನಿಮ್ಮ ಬ್ರಾಕೆಟ್ ಇನ್ನೂ ಬೇಗ ತಿರುಗುತ್ತದೆ. ಬಿಗಿ ಮಾಡುವುದು ಅದಕ್ಕೆ ಮದ್ದಲ್ಲ. ಪಟ್ಟಿಯ ಹಿಂದಿನ ಅಂಚಿಗೆ ಎರಡು ಮೂರು ಮಿ.ಮೀ. ಎತ್ತರದ ತುಟಿ ಕೊಡಿ, ಕ್ಯಾಮೆರಾದ ಬೆನ್ನು ಅದಕ್ಕೆ ಒರಗಲಿ. ಜೊತೆಗೆ ತೆಳ್ಳನೆಯ ರಬ್ಬರ್ ಹಾಳೆ. ಕೆಲವು ವಿಡಿಯೊ ಕ್ಯಾಮೆರಾಗಳಲ್ಲಿ ಸ್ಕ್ರೂ ತೂತಿನ ಪಕ್ಕದಲ್ಲೇ ಎಳೆಯಿಲ್ಲದ ಇನ್ನೊಂದು ಸಣ್ಣ ತೂತು ಇರುತ್ತದೆ; ಅದು ತಿರುಗದಂತೆ ಪಿನ್ ಕೂರಿಸಲೆಂದೇ ಇಟ್ಟದ್ದು.

ಈಗ ಕೇಳಿ ತರುವುದು. ಅಂಗಡಿಯಲ್ಲಿ ಕ್ಯಾಮೆರಾ ಸ್ಕ್ರೂ ಕೊಡಿ ಎಂದರೆ ಸಿಗದಿರಬಹುದು. ಕಾಲಿಂಚು, 20 ಎಳೆ, ಯುಎನ್‌ಸಿ ಎನ್ನಿ. ಯುಎನ್‌ಎಫ್ ಎಂದು ಕೊಟ್ಟರೆ ವಾಪಸ್ ಕೊಡಿ. ಅದರ ದಪ್ಪವೂ ಕಾಲಿಂಚೇ, ಆದರೆ ಇಂಚಿಗೆ 28 ಎಳೆ. ಎಂ6ಗಿಂತ ಇದು ಮೋಸದ್ದು, ಏಕೆಂದರೆ ಹೊರ ವ್ಯಾಸ ಅಳೆದರೂ ಗೊತ್ತಾಗುವುದಿಲ್ಲ. ಬಿಎಸ್‌ಡಬ್ಲ್ಯು, ಅಂದರೆ ವಿಟ್‌ವರ್ತ್ ಕಾಲಿಂಚು ಸಿಕ್ಕರೆ ತೆಗೆದುಕೊಳ್ಳಬಹುದು. ಅದಕ್ಕೂ ಇಂಚಿಗೆ 20 ಎಳೆಯೇ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿನಲ್ಲಿ ಸೂಚಿಸಿದ ಎಳೆಯ ಕೋನ 55 ಡಿಗ್ರಿ, ವಿಲಿಯಂ ಸೆಲ್ಲರ್ಸ್ 1864ರಲ್ಲಿ ಅಮೆರಿಕದಲ್ಲಿ ಮುಂದಿಟ್ಟದ್ದು 60 ಡಿಗ್ರಿ, ಇಂದಿನ ಯುಎನ್‌ಸಿ ಬಂದದ್ದು ಆ ದಾರಿಯಿಂದ. ಹಳೆಯ ಕ್ಯಾಮೆರಾ, ಟ್ರೈಪಾಡುಗಳಲ್ಲಿ ಇದ್ದದ್ದೂ ವಿಟ್‌ವರ್ತೇ. 5 ಡಿಗ್ರಿ ವ್ಯತ್ಯಾಸ ಎಂಜಿನ್ ತಲೆ ಕೂರಿಸುವಾಗ ಮುಖ್ಯ, ಬೆರಳಲ್ಲಿ ಬಿಗಿ ಮಾಡುವ ಕ್ಯಾಮೆರಾ ಸ್ಕ್ರೂವಿಗೆ ಏನೂ ಅಲ್ಲ. ಹಾಗೆಂದು ಎಲ್ಲ ಅಳತೆಯಲ್ಲೂ ಇವೆರಡು ಹೊಂದುತ್ತವೆ ಅಂದುಕೊಳ್ಳಬೇಡಿ. ಅರ್ಧ ಇಂಚಿಗೆ ಬಂದರೆ ಒಂದಕ್ಕೆ 12 ಎಳೆ, ಇನ್ನೊಂದಕ್ಕೆ 13.

ಮಿಲಿಮೀಟರಿನ ದೇಶಗಳಲ್ಲೇ ತಯಾರಾಗುವ ಕ್ಯಾಮೆರಾಗಳಲ್ಲೂ ಇಂಚಿನ ಥ್ರೆಡ್ ಏಕೆ ಉಳಿಯಿತು ಎಂದು ಕೇಳುವವರಿದ್ದಾರೆ. ಹಳೆಯ ಟ್ರೈಪಾಡಿಗೆ ಹೊಸ ಕ್ಯಾಮೆರಾ ಕೂರಬೇಕಲ್ಲ, ಅದಕ್ಕೆ. ಐಎಸ್‌ಒ 1222 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಟ್ರೈಪಾಡ್ ಜೋಡಣೆಗೆ 1/4 ಮತ್ತು 3/8 ಇಂಚನ್ನು ನಿಗದಿ ಮಾಡಿದೆ. 3/8 ಎಂದರೆ 9.5 ಮಿ.ಮೀ. ದಪ್ಪ, ಇಂಚಿಗೆ 16 ಎಳೆ. ದೊಡ್ಡ ಕ್ಯಾಮೆರಾ, ಟ್ರೈಪಾಡ್ ತಲೆಯ ಬುಡ, ಭಾರದ ತೋಳುಗಳಲ್ಲಿ ಕಾಣುತ್ತದೆ. ನಿಮ್ಮ ಕ್ಯಾಮೆರಾದ ತೂತಿನ ಸುತ್ತ ಉಂಗುರದಂತೆ ಇನ್ನೊಂದು ಗೆರೆ, ಅದರಲ್ಲಿ ಸ್ಕ್ರೂಡ್ರೈವರ್ ಹಾಕುವ ಗೀರು ಕಂಡರೆ ಹಿಗ್ಗಿ: ಅದು 3/8 ತೂತಿಗೆ ಕೂರಿಸಿದ ಕಾಲಿಂಚಿನ ಬುಷ್, ಅಂದರೆ ಒಳಗೂ ಹೊರಗೂ ಎಳೆಯಿರುವ ಬಳೆ. ನೀವು ಕೆಡಿಸಿದ್ದು ಆ ಬುಷ್ ಮಾತ್ರ. ಬಿಚ್ಚಿ ಎಸೆದು ಹೊಸದು ಹಾಕಿದರೆ ಮುಗಿಯಿತು.

ಮನೆಯ ಡಬ್ಬಿಯಲ್ಲಿರುವ ಬೋಲ್ಟ್ ಯಾವುದೆಂದು ತಿಳಿಯಲು ಪಿಚ್ ಗೇಜ್ (ಎಳೆಗೆ ಹಿಡಿದು ಪಿಚ್ ನೋಡುವ ಹಲ್ಲಿನ ಪಟ್ಟಿಗಳು) ಇದ್ದರೆ ಸಲೀಸು. ಇಲ್ಲದಿದ್ದರೆ ತಲೆ ನೋಡಿ. ಮೇಲೆ 8.8, 10.9, ಎ2-70 ಎಂಬ ಬರಹ ಇದ್ದರೆ ಮಿಲಿಮೀಟರ್ ಬೋಲ್ಟ್. ನಡುವಿನಿಂದ ಹೊರಗೆ ಚೆಲ್ಲಿದಂತೆ ಮೂರು ಅಥವಾ ಆರು ಗೆರೆ ಇದ್ದರೆ ಇಂಚಿನದು. ಆರು ಮೂಲೆಯ ತಲೆಗೆ 10 ನಂಬರ್ ಸ್ಪ್ಯಾನರ್ ಸರಿಯಾಗಿ ಕೂತರೆ ಎಂ6. ಕಾಲಿಂಚಿನದಕ್ಕೆ 7/16 ಇಂಚಿನ ಸ್ಪ್ಯಾನರ್ ಬೇಕು, ಅಂದರೆ 11 ಮಿ.ಮೀ.ಗೆ ಒಂದು ಕೂದಲೆಳೆ ಹೆಚ್ಚು. ತಲೆಯಲ್ಲಿ ಏನೂ ಬರೆದಿರದಿದ್ದರೆ ಹತ್ತು ಎಳೆ ಎಣಿಸಿ ಅಳೆಯಿರಿ. 12.7 ಮಿ.ಮೀ. ಬಂದರೆ ಕಾಲಿಂಚು, 10 ಬಂದರೆ ಎಂ6. ನಾನು ಎಲ್ಲಕ್ಕಿಂತ ನಂಬುವುದು ಇದನ್ನು: ಟ್ರೈಪಾಡಿನ ಸ್ಕ್ರೂ ಒಂದನ್ನು ಬೋಲ್ಟಿನ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು. ಎಳೆಗೆ ಎಳೆ ಕೂತು ಬೆಳಕು ಎಲ್ಲೂ ತೂರದಿದ್ದರೆ ಪಿಚ್ ಒಂದೇ. ಎರಡು ಮೂರು ಎಳೆ ಕೂತು ಮುಂದೆ ಹತ್ತಿಕೊಂಡು ಬೆಳಕು ಕಂಡರೆ ಬೇರೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಆ ಟ್ರೈಪಾಡ್ ಸ್ಕ್ರೂವೇ ಇರಲಿ, ಕ್ಯಾಮೆರಾ ಅಲ್ಲ.

ಹೊಸ ಸ್ಕ್ರೂ ಹುಡುಕುವುದೇ ಬೇಡ ಎನ್ನುವವರಿಗೆ ಹಳೆಯ ಟ್ರೈಪಾಡ್ ಪ್ಲೇಟು, ಮೂಲೆ ಸೇರಿದ ಫ್ಲ್ಯಾಶ್ ಬ್ರಾಕೆಟ್ಟು ಒಳ್ಳೆಯ ಗಣಿ. ಥ್ರೆಡ್ ಸರಿ ಇರುತ್ತದೆ, ತಲೆಯೂ ಬೆರಳಿಗೆಂದೇ ಮಾಡಿದ್ದು.

ಉದ್ದ ಮಾತ್ರ ನೀವೇ ಅಳೆಯಬೇಕು, ಮತ್ತು ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ಉದ್ದ ಹೆಚ್ಚಾದರೆ ಹಿಡಿತ ಹೆಚ್ಚು ಎಂಬುದು ನಿಮ್ಮ ಸ್ನೇಹಿತರೊಬ್ಬರದೇ ನಂಬಿಕೆಯಲ್ಲ. ಬಿಗಿಯಾದ ಸ್ಕ್ರೂವಿನಲ್ಲಿ ಭಾರದ ಬಹುಪಾಲನ್ನು ಹೊರುವುದು ಮೊದಲ ಮೂರ್ನಾಲ್ಕು ಎಳೆಗಳೇ. ಅದರಾಚೆಗಿನ ಉದ್ದದಿಂದ ಲಾಭ ಕಡಿಮೆ. ತೂತಿನ ತಳ ತಾಗಿತೋ, ಲಾಭದ ಮಾತೇ ಇಲ್ಲ. ಸ್ಕ್ರೂ ಜ್ಯಾಕಿನಂತೆ ಮೇಲಕ್ಕೆ ಒತ್ತುತ್ತದೆ, ಸಾಕೆಟ್ಟಿನ ತಳ ಉಬ್ಬಬಹುದು, ತೆರೆದ ತಳವಿರುವ ಹಳೆಯ ಕ್ಯಾಮೆರಾದಲ್ಲಿ ಒಳಗಿನ ಭಾಗಕ್ಕೇ ತಗುಲಬಹುದು. ಇದರ ಲಕ್ಷಣ ಸ್ಪಷ್ಟ: ಸ್ಕ್ರೂ ಕಲ್ಲಿನಂತೆ ಬಿಗಿಯಾಗಿದೆ, ಬ್ರಾಕೆಟ್ ಮಾತ್ರ ಲಟಪಟ ಅನ್ನುತ್ತಿದೆ. ಹಾಗಾದಾಗ ಇನ್ನೂ ತಿರುಗಿಸುವುದೇ ಜನರ ಮೊದಲ ಕೆಲಸ. ಅಲ್ಲಿಗೆ ಕೈ ತೆಗೆಯಬೇಕು.

ಆಳ ಅಳೆಯಲು ಬೆಂಕಿಕಡ್ಡಿಯ ಮೊಂಡು ತುದಿ ಇಳಿಸಿ ಗುರುತು ಹಾಕಬಹುದು. ಸುತ್ತು ಎಣಿಸುವುದು ಇನ್ನೂ ನಿಖರ. ಬರೀ ಸ್ಕ್ರೂವನ್ನು ಎರಡು ಬೆರಳಲ್ಲಿ ತಿರುಗಿಸಿ, ಎಳೆ ಹಿಡಿದಲ್ಲಿಂದ ಮೆಲ್ಲಗೆ ತಳ ತಾಗುವವರೆಗೆ ಎಣಿಸಿ, 1.27ರಿಂದ ಗುಣಿಸಿ. ನಾಲ್ಕು ಸುತ್ತು ಹೋದರೆ 5 ಮಿ.ಮೀ. ಅದರಲ್ಲಿ ಅರ್ಧದಿಂದ ಮುಕ್ಕಾಲು ಮಿ.ಮೀ. ಬಿಟ್ಟು ಉಳಿದದ್ದು ನಿಮ್ಮ ಪಾಲು. ಉದಾಹರಣೆಗೆ ನಿಮಗೆ ಸಿಕ್ಕಿದ್ದು 4.5 ಮಿ.ಮೀ. ಎನ್ನಿ. ಪಟ್ಟಿ 6 ಮಿ.ಮೀ., ಅಲ್ಲಿಗೆ ತಲೆಯ ಕೆಳಗೆ 10.5 ಮಿ.ಮೀ. ಉದ್ದದ ಸ್ಕ್ರೂ ಬೇಕು. ಅಂಗಡಿಯಲ್ಲಿ ಸಿಗುವುದು 3/8 ಇಂಚು, ಅಂದರೆ 9.5, ಅದು ಬಿಟ್ಟರೆ ಅರ್ಧ ಇಂಚು, 12.7. ಮೊದಲನೆಯದು ಗಿಡ್ಡವಾಯಿತು, ಮೂರು ಎಳೆಯೂ ಸಿಗದು. ಎರಡನೆಯದಕ್ಕೆ ಒಂದೊಂದು ಮಿ.ಮೀ. ದಪ್ಪದ ಎರಡು ವಾಷರ್ ಹಾಕಿದರೆ ಹೊರಗೆ ಉಳಿಯುವುದು 4.7 ಮಿ.ಮೀ., ಅಂಚಿಗೆ ಬಂತು. ಆಗ ಮೂರನೆಯ ತೆಳು ವಾಷರ್ ಸೇರಿಸಿ, ಇಲ್ಲವೇ ಕತ್ತರಿಸಿ. ನೆನಪಿಡಿ, ಮರೆಯಾಗಿ ಕೂರುವ ಕೌಂಟರ್‌ಸಂಕ್ ತಲೆಯ ಸ್ಕ್ರೂವಿನ ಉದ್ದವನ್ನು ತಲೆ ಸೇರಿಸಿ ಹೇಳುತ್ತಾರೆ, ಉಳಿದವುಗಳದ್ದು ತಲೆಯ ಕೆಳಗಿನಿಂದ. ರಬ್ಬರ್ ಅಥವಾ ಕಾರ್ಕ್ ಹಾಳೆ ಅಂಟಿಸಿದ್ದರೆ ಬಿಗಿ ಮಾಡಿದಾಗ ಅದು ಅಮುಕಿಕೊಂಡು ಸ್ಕ್ರೂ ಅಷ್ಟು ಒಳಗೆ ಹೋಗುತ್ತದೆ. 2 ಮಿ.ಮೀ. ಕಾರ್ಕ್ ಅರ್ಧ ಮಿ.ಮೀ. ಕುಸಿದರೂ ನೀವು ಬಿಟ್ಟ ಜಾಗವೆಲ್ಲ ಖರ್ಚಾಗುತ್ತದೆ, ಆದ್ದರಿಂದ ಹಾಳೆ ಅಮುಕಿದ ಮೇಲಿನ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕತ್ತರಿಸುವ ಮೊದಲು ಸ್ಕ್ರೂವಿಗೆ ಒಂದು ನಟ್ ಹತ್ತಿಸಿ ತಲೆಯ ಕಡೆ ಸರಿಸಿಡಿ. ಹ್ಯಾಕ್ಸಾದಿಂದ ಕೊಯ್ದು, ತುದಿಯನ್ನು ಅರದಿಂದ ಸುತ್ತಲೂ ಓರೆಯಾಗಿ ಉಜ್ಜಿ, ಆಮೇಲೆ ನಟ್ಟನ್ನು ಬಿಚ್ಚಿ ಹೊರಗೆ ತೆಗೆಯಿರಿ. ಹೊರಬರುವಾಗ ಅದು ಕೊಯ್ದ ಜಾಗದ ಮಡಚಿದ ಎಳೆಯನ್ನು ನೇರ ಮಾಡಿಕೊಂಡು ಬರುತ್ತದೆ. ಉಗುರನ್ನು ತುದಿಯ ಮೇಲೆ ಆಡಿಸಿ. ಎಲ್ಲಾದರೂ ತಡೆದರೆ ಇನ್ನೊಮ್ಮೆ ಅರ ಹಿಡಿಯಿರಿ. ಆ ತಡೆಯೇ ಕ್ಯಾಮೆರಾದ ಎಳೆ ಕೀಳುವ ಉಳಿ.

ಬ್ರಾಕೆಟ್‌ಗೇ ಟ್ಯಾಪ್ ಹಾಕಬಹುದೇ ಎಂದು ಕೇಳಿದಿರಿ. ಕ್ಯಾಮೆರಾ ಕೂರುವ ತೂತಿಗೆ ಬೇಡ. ಮನೆಯಲ್ಲಿ ಮಾಡಿದ ಬ್ರಾಕೆಟ್‌ಗಳಲ್ಲಿ ನಾನು ಕಾಣುವ ದೊಡ್ಡ ತಪ್ಪು ಇದು. ಪಟ್ಟಿಯಲ್ಲೂ ಎಳೆ, ಕ್ಯಾಮೆರಾದಲ್ಲೂ ಎಳೆ ಇದ್ದರೆ ಸ್ಕ್ರೂ ಎರಡನ್ನೂ ಒಂದೇ ವೇಗದಲ್ಲಿ ಹಾದುಹೋಗುತ್ತದೆ. ಶುರುವಿನಲ್ಲಿ ಎರಡರ ನಡುವೆ ಎಷ್ಟು ಸಂದು ಇತ್ತೋ ಅಷ್ಟೇ ಕೊನೆಗೂ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಪಟ್ಟಿ ಕ್ಯಾಮೆರಾಕ್ಕೆ ಅಪ್ಪಿಕೊಳ್ಳುವುದಿಲ್ಲ. ಪಟ್ಟಿಯ ತೂತು ಎಳೆಯಿಲ್ಲದೆ ಸಡಿಲ ಇರಬೇಕು, 6.6 ಮಿ.ಮೀ. ಡ್ರಿಲ್ ಸರಿ. ಆಗ ತಲೆ ಪಟ್ಟಿಯನ್ನು ಒತ್ತುತ್ತದೆ, ಎಳೆ ಕ್ಯಾಮೆರಾವನ್ನು ಎಳೆಯುತ್ತದೆ, ಎರಡೂ ಸೇರುತ್ತವೆ.

ಸ್ಕ್ರೂ ಕಳೆದುಹೋಗದೆ ಪಟ್ಟಿಯಲ್ಲೇ ತೂಗುತ್ತಿರಬೇಕು ಎಂದರೆ ಆಗ ಟ್ಯಾಪ್ ಹಾಕುವುದಕ್ಕೆ ಅರ್ಥವಿದೆ, ಆದರೆ ಸ್ಕ್ರೂವಿನ ಕುತ್ತಿಗೆಯನ್ನೂ ಸಣ್ಣ ಮಾಡಬೇಕು. ತುದಿಯಲ್ಲಿ ಕ್ಯಾಮೆರಾಕ್ಕೆ ಬೇಕಾದ ನಾಲ್ಕೂವರೆ ಮಿ.ಮೀ. ಎಳೆ ಉಳಿಸಿ, ಅದರ ಹಿಂದೆ ಪಟ್ಟಿಯ ದಪ್ಪಕ್ಕಿಂತ ತುಸು ಉದ್ದಕ್ಕೆ 4.7 ಮಿ.ಮೀ. ವ್ಯಾಸಕ್ಕೆ ಇಳಿಸಿದರೆ, ಸ್ಕ್ರೂ ಪಟ್ಟಿಯ ಎಳೆಯನ್ನು ದಾಟಿ ಆಚೆ ಬಂದು ಸಲೀಸಾಗಿ ತಿರುಗುತ್ತದೆ, ಬಿಚ್ಚಿದರೂ ಬೀಳುವುದಿಲ್ಲ. ಟ್ರೈಪಾಡ್ ಪ್ಲೇಟುಗಳಲ್ಲಿ ಬೇಕಾದಷ್ಟು ಕಡೆ ಈ ಉಪಾಯ ಇದೆ. ಲೇತ್ ಇದ್ದವರಿಗೆ ಹತ್ತು ನಿಮಿಷದ ಕೆಲಸ. ಇಲ್ಲದವರು ಸಡಿಲ ತೂತು ಮಾಡಿ, ಸ್ಕ್ರೂ ಹಾಕಿ, ಎಳೆಯ ಹಿಂದೆ ಬಿಗಿಯಾದ ಒಂದು ರಬ್ಬರ್ ಓ-ರಿಂಗ್ ಏರಿಸಿಬಿಡಿ. ಅದು ಕೂರಲು ಪಟ್ಟಿಯ ಮೇಲೆ ಒಂದು ಸಣ್ಣ ತಗ್ಗು ಬೇಕಾಗುತ್ತದೆ, ಇಲ್ಲದಿದ್ದರೆ ಕ್ಯಾಮೆರಾ ಸಮನಾಗಿ ಕೂರದು.

ಹಿಡಿ ಮತ್ತು ಲೈಟ್ ಕೂರುವ ತೂತುಗಳಿಗೆ ಮಾತ್ರ ಧಾರಾಳವಾಗಿ ಟ್ಯಾಪ್ ಹಾಕಿ. ಕಾಲಿಂಚು 20ಕ್ಕೆ 5.1 ಮಿ.ಮೀ. ಡ್ರಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬಿಟ್ಟುಕೊಂಡು, ಅರ್ಧ ಸುತ್ತು ಮುಂದೆ ಹೋದಾಗಲೆಲ್ಲ ಕಾಲು ಸುತ್ತು ಹಿಂದೆ ಬಂದು ಸಿಬಿರು ಮುರಿಯಿರಿ. 6 ಮಿ.ಮೀ. ಪಟ್ಟಿಯಲ್ಲಿ ನಾಲ್ಕು ಚಿಲ್ಲರೆ ಎಳೆ ಸಿಗುತ್ತದೆ, ಈ ತೂಕಕ್ಕೆ ಸಾಕು. 3 ಮಿ.ಮೀ. ಹಾಳೆಯಲ್ಲಿ ಎರಡೇ ಎಳೆ ಸಿಗುವುದರಿಂದ ಹಿಂದೆ ನಟ್ ಕೊಡಬೇಕು. ಮರಕ್ಕೆ ನೇರವಾಗಿ ಎಳೆ ಹಾಕಬೇಡಿ, ಟಿ-ನಟ್ ಅಥವಾ ಹಿತ್ತಾಳೆಯ ಇನ್ಸರ್ಟ್ ಕೂರಿಸಿ. 3ಡಿ ಪ್ರಿಂಟ್ ಮಾಡುವವರಿಗೂ ಇದೇ ಮಾತು. ಜೊತೆಗೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ.

ಲೈಟನ್ನು ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಶೂನಲ್ಲಿ ಹಾಕದೆ ಬ್ರಾಕೆಟ್‌ಗೆ ಕೊಟ್ಟದ್ದು ಒಳ್ಳೆಯ ಯೋಚನೆ. ಶೂವನ್ನು ಹಿಡಿದಿರುವುದು ಸಣ್ಣ ಸಣ್ಣ ಸ್ಕ್ರೂಗಳು, ಉದ್ದ ತೋಳಿನ ತೂಕ ಅದಕ್ಕಲ್ಲ.

ಥ್ರೆಡ್‌ಲಾಕ್ ದ್ರವವನ್ನು ಕ್ಯಾಮೆರಾ ತೂತಿನ ಹತ್ತಿರ ತರಬೇಡಿ. ಕೆಲವು ಪ್ಲಾಸ್ಟಿಕ್‌ಗಳಲ್ಲಿ ಅದು ಬಿರುಕು ಎಬ್ಬಿಸುತ್ತದೆ. ಬ್ರಾಕೆಟ್‌ನ ಲೋಹದ ಜೋಡಣೆಗಳಲ್ಲಿ, ಮತ್ತೆ ಬಿಚ್ಚಬಹುದಾದ ಕಡಿಮೆ ಬಲದ್ದನ್ನು ಒಂದು ಹನಿ ಹಾಕಬಹುದು.

52 ಮಿ.ಮೀ. ರಿಂಗಿನ ಕಥೆಯೇ ಬೇರೆ. ಅಲ್ಲಿ ಇಂಚು ಇಲ್ಲ, ಎಲ್ಲ ಮಿಲಿಮೀಟರ್. ವ್ಯಾಸ 52, ಪಿಚ್ 0.75. ಇಷ್ಟು ದೊಡ್ಡ ವ್ಯಾಸಕ್ಕೆ ಟ್ಯಾಪು, ಡೈ ಹಿಡಿಯುವ ಮಾತಿಲ್ಲ, ಲೇತಿನಲ್ಲೇ ಎಳೆ ಕೊಯ್ಯಬೇಕು. 0.75 ಪಿಚ್ ಎಂದರೆ ಬಹಳ ಸಣ್ಣ ಎಳೆ, ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ. ಒಂದಿಷ್ಟು ಓರೆ ಹತ್ತಿದರೆ ಲೆನ್ಸಿನ ಎಳೆಯೇ ಹೋಗುತ್ತದೆ. ಹಾಗಾಗಿ ನಾನು ಮಾಡಿಸಿಕೊಳ್ಳಿ ಎನ್ನುವುದಿಲ್ಲ. ಗೀರು ಬಿದ್ದ ಹಳೆಯ 52 ಮಿ.ಮೀ. ಫಿಲ್ಟರ್ ಒಂದನ್ನು ಹುಡುಕಿ, ಗಾಜು ಹಿಡಿದಿರುವ ಒಳ ಉಂಗುರವನ್ನು ಬಿಚ್ಚಿ ಗಾಜು ತೆಗೆಯಿರಿ. ನಿಮಗೆ ಸಿಗುವುದು ಕಾರ್ಖಾನೆಯಲ್ಲೇ ಸರಿಯಾಗಿ ಎಳೆ ಕೊಯ್ದ ರಿಂಗ್. ಅದರ ಮುಂಭಾಗಕ್ಕೆ ನಿಮ್ಮ ಅಲ್ಯೂಮಿನಿಯಂ ಅಥವಾ ಪ್ರಿಂಟ್ ಮಾಡಿದ ಭಾಗವನ್ನು ಎಪಾಕ್ಸಿಯಲ್ಲಿ ಅಂಟಿಸಿ. ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಮಾತ್ರ ರಿಂಗ್ ಲೆನ್ಸಿನ ಮೇಲೆ ಇರಬಾರದು.